ಏಳನೆಯವಳ ಚೀಲ

ಮನುಕುಲದ ಸಕಲ ಸಂಕಟಗಳಿಗೂ ಅರ್ಥಶಾಸ್ತ್ರದಲ್ಲಿ ಪರಿಹಾರವಿದೆಯೆಂಬುದು ನನ್ನ ಬಹುಕಾಲದ ಶ್ರದ್ಧೆ. ಮಧ್ಯಾಹ್ನದ ಊಟದ ನಂತರ ತರಗತಿಯನ್ನು ಆವರಿಸುವ ನಿದ್ದೆಗೆ ಮಾತ್ರ ಆ ಶಾಸ್ತ್ರದಲ್ಲಿ ಔಷಧವಿಲ್ಲ. ಅದರಲ್ಲೂ ಸೀಮಾಂತ ಉತ್ಪನ್ನದ ಪಾಠವೆಂದರೆ ನಿದ್ದೆಗೇ ಹಾಸಿಕೊಟ್ಟ ಚಾಪೆ. ಕೆಲಸಕ್ಕೆ ಒಬ್ಬ ಆಳು ಹೆಚ್ಚಿದರೆ ಒಟ್ಟು ಉತ್ಪನ್ನ ಎಷ್ಟು ಹೆಚ್ಚುತ್ತದೆ ಎಂಬ ಸರಳ ಲೆಕ್ಕವನ್ನು ಪಠ್ಯಪುಸ್ತಕವು ಗೋಧಿಯ ಹೊಲದಲ್ಲಿ ನಿಂತು ವಿವರಿಸುತ್ತದೆ. ಸೀತಾಂಗೋಳಿಯ ಆಸುಪಾಸಿನ ನಮ್ಮ ಮಕ್ಕಳಾಗಲಿ, ಅವರ ಮೇಷ್ಟ್ರಾದ ನಾನಾಗಲಿ, ಗೋಧಿಯನ್ನು ಚಪಾತಿಯ ಅವತಾರದಲ್ಲಲ್ಲದೆ ಕಂಡವರಲ್ಲ.

ಆದಕಾರಣ ನಾನು ಹೊಲವನ್ನು ತೊರೆದು ಮೈದಾನಕ್ಕಿಳಿದೆ. ಅಲ್ಲಿ ನಮ್ಮ ಹುಡುಗಿಯರ ಹಗ್ಗಜಗ್ಗಾಟದ ತಂಡ ಅಭ್ಯಾಸ ನಡೆಸುವ ಪದ್ಧತಿಯೇ ಒಂದು ಪ್ರಯೋಗಶಾಲೆ: ಹಲಸಿನ ಮರದ ಕೊಂಬೆಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಮರಳಿನ ಪುಟ್ಟ ಚೀಲಗಳನ್ನು ತೂಗಿಸಿ, ಇನ್ನೊಂದು ತುದಿಯನ್ನು ಎಲ್ಲರೂ ಸೇರಿ ಎಳೆಯುವುದು. ನಾನು ಕೊಡೆಯ ನೆರಳಲ್ಲಿ, ಮಹಾವಿಜ್ಞಾನಿಯ ಗಾಂಭೀರ್ಯದಿಂದ, ಒಬ್ಬೊಬ್ಬಳನ್ನೇ ಹಗ್ಗಕ್ಕೆ ಸೇರಿಸುತ್ತ ಬರೆದುಕೊಂಡೆ. ಮೊದಲಿಗೆ ನಿಂತ ನಾಯಕಿ ದೀಕ್ಷಾ ಐದು ಚೀಲ ಎತ್ತಿದಳು. ಜನ ಹೆಚ್ಚಿದಂತೆ ಕಾಲಿಗೆ ಕಾಲು ತೊಡರಿ, ಒಬ್ಬಳು ಎಳೆಯುವಾಗ ಇನ್ನೊಬ್ಬಳು ಉಸಿರು ಬಿಟ್ಟು, ಹೊಸಬಳಿಂದಾದ ಹೆಚ್ಚಳ ಕುಗ್ಗುತ್ತಾ ಹೋಯಿತು. ಕೊನೆಗೆ ಏಳನೆಯವಳಾಗಿ ಅಶ್ವಿತಾ ಸೇರಿದಾಗ ಹೆಚ್ಚಿದ್ದು ಒಂದೇ ಚೀಲ.

ಮರುದಿನ ಅದೆಲ್ಲವನ್ನೂ ಹೆಸರು ಸಮೇತ ಕಪ್ಪುಹಲಗೆಯ ಮೇಲೆ ಬರೆದೆ. ಒಬ್ಬರೂ ತೂಕಡಿಸಲಿಲ್ಲ. ನನ್ನ ವೃತ್ತಿಜೀವನದ ಆ ವಿಜಯ ಸುಮಾರು ಹತ್ತು ನಿಮಿಷ ಬಾಳಿತು. ಗಂಟೆ ಹೊಡೆಯುತ್ತಲೇ ಹಿಂದಿನ ಬೆಂಚಿನಿಂದ ಕೂಗು ಕೇಳಿತು: "ಓ ಒಂಟಿ ಚೀಲ, ಆಟಕ್ಕೆ ಬರುದಿಲ್ವಾ?"

ಸಂಜೆಯ ಅಭ್ಯಾಸಕ್ಕೆ ಅಶ್ವಿತಾ ಬರಲಿಲ್ಲ. ವರಾಂಡದಲ್ಲಿ ಬ್ಯಾಗು ತಬ್ಬಿಕೊಂಡು ಕುಳಿತಿದ್ದಳು.

"ಎಂತ ಮಗಾ, ಹೋಗುದಿಲ್ವಾ?"

"ನನ್ನ ಹೆಸರು ತೆಗೀಲಿಕ್ಕೆ ಪಿ.ಟಿ. ಮಾಷ್ಟ್ರಿಗೆ ಹೇಳಿದ್ದೇನೆ ಸರ್. ಒಂದು ಚೀಲಕ್ಕೆ ಒಬ್ಬಳು ಯಾಕೆ?"

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಪಾಠದ ಮೊದಲ ಷರತ್ತನ್ನೇ ಹೇಳಲು ನಾನು ಮರೆತಿದ್ದೆ: ಆಳುಗಳೆಲ್ಲ ಸಮಾನರು, ಕುಗ್ಗುವುದು ಕೊನೆಗೆ ಬಂದವಳ ಬಲವಲ್ಲ, ಎಲ್ಲರೂ ಹಂಚಿಕೊಳ್ಳಬೇಕಾದ ಹಗ್ಗದಲ್ಲಿ ಉಳಿದ ಅವಕಾಶ. ಇಷ್ಟು ವರ್ಷ ಕಲಿಸಿದ ನಿಯಮ ನನಗೇ ಅರ್ಥವಾದದ್ದು ಆ ವರಾಂಡದಲ್ಲಿ.

"ನಾಳೆ ನೀನು ಮೊದಲು ನಿಲ್ಲು. ದೀಕ್ಷಾ ಕೊನೆಗೆ," ಎಂದೆ.

"ಆಗಲೂ ಒಂದೇ ಬಂದ್ರೆ?"

ಆ ರಾತ್ರಿ ಶಾಸ್ತ್ರ ನನಗೆ ನಿದ್ದೆ ಕೊಡಲಿಲ್ಲ.

ಮರುದಿನ ಇಡೀ ತರಗತಿಯೇ ಹಲಸಿನ ಮರದಡಿ ಸೇರಿತು. ಅಶ್ವಿತಾ ಹಿಮ್ಮಡಿ ಊರಿ ಎಳೆದಳು. ಐದು ಚೀಲ ಮೇಲೆದ್ದವು. ಒಬ್ಬೊಬ್ಬರಾಗಿ ಸೇರಿ ಕೊನೆಗೆ ನಾಯಕಿಯ ಸರದಿ ಬಂತು. ಆಕೆ ಹಲ್ಲು ಕಚ್ಚಿ ಎಷ್ಟು ಜಗ್ಗಿದರೂ ಹೆಚ್ಚಿದ್ದು ಒಂದೇ.

ದೀಕ್ಷಾ ಹಗ್ಗ ಬಿಟ್ಟು ಅಂಗೈ ನೋಡಿಕೊಂಡಳು. "ಅಯ್ಯೋ, ನಾನೂ ಒಂಟಿ ಚೀಲವೇ ಮಾರಾಯ್ತಿ!" ಎಂದು ಅಶ್ವಿತಾಳ ಹೆಗಲಿಗೆ ಒರಗಿದಳು. ಹಿಂದಿನ ಬೆಂಚಿನವರು ಹಲಸಿನ ಎಲೆಗಳನ್ನು ಎಣಿಸತೊಡಗಿದರು. ನಾನು ಎಲ್ಲರೆದುರು ಅಶ್ವಿತಾಳ ಕ್ಷಮೆ ಕೇಳಿದೆ. ಆಕೆ ನಾಚಿ, "ಸಾಕು ಸರ್, ಬಿಸಿಲುಂಟು, ಕೊಡೆ ಹಿಡ್ಕೊಳ್ಳಿ," ಎಂದಳು.

ಮುಂದಿನ ವಾರದ ಪಂದ್ಯದಲ್ಲಿ ಅಶ್ವಿತಾ ಏಳನೆಯವಳಾಗಿ ಹಗ್ಗ ಹಿಡಿದಳು. ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತಿತು.