ಲಕ್ಷ ಜನ ನೋಡುವ ಮನುಷ್ಯ

ನನಗಾಗ ಅರವತ್ತೆಂಟು, ಈಗ್ಗೆ ಎರಡು ವರ್ಷದ ಮಾತು. ಕೂಟಗಲ್ಲಿನ ನಮ್ಮ ಮನೆಯ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತರೆ, ಸೊಸೆ ಸವಿತಾ ಫೋನನ್ನು ಚೊಂಬಿಗೆ ಒರಗಿಸಿಟ್ಟು ಜಪಾನಿನವನೊಬ್ಬನನ್ನು ನೋಡುತ್ತಿದ್ದಳು. ಹಿಂದೆ ಫುಟ್‌ಬಾಲ್ ಆಡಿ ಹೆಸರು ಮಾಡಿದವನಂತೆ. ಆಟ ಬಿಟ್ಟು ತನ್ನ ಹಳ್ಳಿ ಸೇರಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಮೂಲಂಗಿ ಕೀಳುವುದನ್ನೂ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವುದನ್ನೂ ದಿನಾ ಫೋನಿಗೆ ಹಾಕುತ್ತಿದ್ದ. ಅದನ್ನು ನೋಡಲು ಲಕ್ಷಗಟ್ಟಲೆ ಜನ. ಚೆಂಡು ಒದೆಯುವಾಗ ನೋಡಿದರು, ಸರಿ. ಮೂಲಂಗಿ ಕೀಳುವುದರಲ್ಲಿ ನೋಡಲಿಕ್ಕೇನಿದೆ, ನೀವೇ ಹೇಳಿ. ಹಾಗೆಂದು ಬೈಯುತ್ತಲೇ ನಾನೂ ನೋಡತೊಡಗಿದೆ.

ಒಂದು ದಿನ ಅವನು ಅಟ್ಟದಿಂದ ತನ್ನ ಅಜ್ಜಿಯ ಕಾಲದ ರೇಷ್ಮೆಹುಳದ ತಟ್ಟೆ ಇಳಿಸಿ ತೋರಿಸಿದ. ಸವಿತಾ ತಡೆಯಲಾರದೆ, ನಾವೂ ಹುಳ ಸಾಕುತ್ತೇವೆ ಎಂದು ಕೆಳಗೆ ಬರೆದಳು. ಕನ್ನಡವನ್ನು ಅವನ ಭಾಷೆಗೆ ತಿರುಗಿಸುವ ಕೆಲಸ ಫೋನೇ ಮಾಡುತ್ತದೆ. ತೋರಿಸಿ, ನನ್ನನ್ನು ನೋಡುವವರಿಗೂ ತೋರಿಸುತ್ತೇನೆ ಎಂದು ಉತ್ತರ ಬಂತು.

ಆ ಹೊತ್ತಿಗೆ ನಮ್ಮ ಹುಳ ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವುದರಲ್ಲಿದ್ದವು. ಹಿಂದಿನ ಬೆಳೆ ಪೂರ್ತಿ ಕೆಟ್ಟು ತಿಪ್ಪೆಗೆ ಹೋಗಿತ್ತು. ಇದೂ ಹೋದರೆ ಹುಳುಮನೆಗೆ ಬೀಗ ಹಾಕುವುದೆಂದು ಮಗ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಹುಳಕ್ಕೆ ಕಣ್ಣು ತಗುಲೀತೆಂದು ಒಡಹುಟ್ಟಿದ ಅಕ್ಕನನ್ನೂ ಹೊಸಿಲಾಚೆ ನಿಲ್ಲಿಸುವವಳು ನಾನು.

“ಅವರೇನ್ ಇಲ್ಲಿಗ್ ಬಂದಾರಾ ಅತ್ತೆ? ಫೋನಲ್ಲಿ ನೋಡ್ತಾರೆ, ಅಷ್ಟೇಯ,” ಎಂದಳು ಸವಿತಾ.

“ಅವರು ಬರಾಕಿಲ್ಲ, ಕಣ್ಣು ಬತ್ತದೆ ಕಣಮ್ಮಿ. ಬಂದವರಿಗಾದ್ರೆ ಒಸಿ ನೀರ್ ಕೊಟ್ಟು ಕಳಿಸ್ಬೋದು. ಕಣ್ಣಿಗೇನ್ ಕೊಟ್ಟು ಕಳಿಸ್ತೀಯ?”

“ನೀವು ದಿನಾ ಆ ಜಪಾನಿನವನ್ನ ನೋಡ್ತೀರಲ್ಲ, ನಿಮ್ದು ಕಣ್ಣಲ್ವಾ?”

ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಕೂತರೆ ಏಳಬೇಕು, ಎದ್ದರೆ ಹುಳುಮನೆಯ ಬಾಗಿಲವರೆಗೆ ಹೋಗಿ ಬರಬೇಕು. ನೋಟ ತಗುಲಿ ಹುಳ ಸಾಯುವುದು ನಿಜವಾದರೆ, ಆಡುವಾಗ ಮೈದಾನದ ತುಂಬ ಇದ್ದವರೂ ಆಟ ಬಿಟ್ಟ ಮೇಲೆ ಬೆನ್ನು ಬಿಡದವರೂ ಸೇರಿ ಅವನನ್ನು ಎಷ್ಟು ಸವೆಸಿರಬೇಕು? ಟೀ ಕುಡಿಯುವುದನ್ನೂ ಯಾರಾದರೂ ನೋಡಲೆಂಬ ಆಸೆ ಅವನದೋ, ತೋರಿಸದಿದ್ದರೆ ಮರೆತಾರೆಂಬ ಭಯವೋ, ನನಗೆ ತಿಳಿಯದು. ಅವನು ಎದ್ದುಹೋದ ಮೇಲೂ ಖಾಲಿ ಮೆಟ್ಟಿಲನ್ನೇ ನೋಡುತ್ತ ಕೂರುವ ನನಗೇನು ಬೇಕಿತ್ತೋ, ಅದೂ ತಿಳಿಯದು.

ಮಧ್ಯಾಹ್ನ ಸೆರಗು ಸಿಕ್ಕಿಸಿ ಜಗಲಿಗೆ ಬಂದು ಕೂತೆ. “ಹುಳ ಬ್ಯಾಡ, ನನ್ನ ತೋರ್ಸು. ಈ ಸುಕ್ಕು ಮೋರೆಗೆ ಯಾವ ಕಣ್ಣು ತಗುಲೀತು,” ಎಂದೆ.

“ಒಸಿ ನಗಿ ಅತ್ತೆ.”

“ಇರೋ ನಾಕು ಹಲ್ಲ ಜಪಾನಿಗ್ಯಾಕೆ ತೋರ್ಸಲಿ?”

ಹಣ್ಣಾದ ಹುಳವನ್ನು ನೋಯದಂತೆ ಹೇಗೆ ಎತ್ತಬೇಕೆಂದು, ಹುಳವಿಲ್ಲದೆ ಬರಿಗೈಯಲ್ಲೇ ಮಾಡಿ ತೋರಿಸಿದೆ. ಸವಿತಾ ಅದನ್ನು ಫೋನಲ್ಲಿ ಹಿಡಿದು ಅವನಿಗೆ ಕಳಿಸಿದಳು. ಸಂಜೆಯ ಹೊತ್ತಿಗೆ ಅವನು ಅದನ್ನು ಹಾಕಿದ್ದ. ಊಟದ ವೇಳೆಗೆ ಲಕ್ಷ ಜನ ನನ್ನನ್ನು ನೋಡಿಯಾಗಿತ್ತು. ಅರ್ಧ ಉಂಡ ತಟ್ಟೆ ಸರಿಸಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಒಂದು ಹೊತ್ತಿಗೇ ನನಗಿಷ್ಟು ಭಾರವಾದರೆ, ವರ್ಷಗಟ್ಟಲೆ ಹೊತ್ತವನ ಗತಿಯೇನು?

ಮಾರನೆಯ ಬೆಳಿಗ್ಗೆ ಚಂದ್ರಿಕೆಯ ತುಂಬ ಹುಳಗಳು ನೂಲು ಬಿಡಲು ಹಿಡಿದಿದ್ದವು. ಬೆಳೆ ಕೈಗೆ ಬರುವ ಹಾಗಿತ್ತು. ಹೊಗೆ ಹುಳುಮನೆಯತ್ತ ಹೋಗದಂತೆ ಗಾಳಿ ನೋಡಿ, ದೂರದ ಹೊಂಗೆಮರದ ಕೆಳಗೆ ಮೂರು ಕಲ್ಲಿಟ್ಟು ಬೆಂಕಿ ಮಾಡಿದೆ. ಜಪಾನಿನವನ ಮುಖ ಕಾಣುವಂತೆ ಫೋನು ಹಿಡಿದು ನಿಲ್ಲೆಂದು ಸವಿತಾಳಿಗೆ ಹೇಳಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, “ಊರ್ ಕಣ್ಣು, ಕೇರಿ ಕಣ್ಣು, ನನ್ ಕಣ್ಣು” ಎಂದು ಆ ಮುಖಕ್ಕೆ ಮೂರು ಸುತ್ತು ನಿವಾಳಿಸಿ ಬೆಂಕಿಗೆ ಹಾಕಿ, ಥೂ ಎಂದು ಉಗಿದು, ಹಿಂತಿರುಗಿ ನೋಡದೆ ಒಳಗೆ ಬಂದೆ.