ಚಾಚಾನ ಕೊಸರು, ಮೀಟರಿನ ಕೆಂಪಂಕಿ

ಮೊನ್ನೆ ಗದಗಿನಲ್ಲಿ ಶೇಂಗಾ ಎಣ್ಣೆ ಕೊಳ್ಳಲು ಡಬ್ಬಿ ಹಿಡಿದು ನಿಂತಿದ್ದೆ. ಬಿಸಿ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ... ಬೆಟಗೇರಿಯ ಎಣ್ಣೆ ಮಿಲ್ಲಿನ ಅಳತೆ ಚಾಚಾ ಎಡಹುಬ್ಬು ಏರಿಸಿಕೊಂಡು ಕಣ್ಣೆದುರು ಬಂದರು.

ಎಂಬತ್ತರ ದಶಕದ ಮಾತು. ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ನನಗೆ ಮೀಟರಿಗಿಂತ ಮಂದಿಯ ಅಣಕ ಚೆನ್ನಾಗಿ ಬರುತ್ತಿತ್ತು. ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನನ್ನನ್ನೇ ಅಣಕಿಸುತ್ತಿದ್ದೆ. ಆ ಮಿಲ್ಲಿಗೆ ಎಣ್ಣೆ ಅಳೆಯುವ ಡಿಜಿಟಲ್ ಮೀಟರ್ ಕೂಡಿಸುವುದು ನನ್ನ ಮೊದಲ ಒಂಟಿ ಕೆಲಸ. ಕೆಟ್ಟರೆ ಕಡೆಯದೂ ಅದೇ. ಎಣ್ಣೆ ಹರಿದಂತೆ ಪೈಪಿನೊಳಗಿನ ಚಕ್ರ ತಿರುಗಿ ಮಿಡಿತ ಕಳಿಸುತ್ತದೆ. ಲೀಟರಿಗೆ ಎಷ್ಟು ಮಿಡಿತ ಎಂದು ಹಿಂಬದಿಯ ಪುಟ್ಟ ಅಂಕಿಗಾಲಿಗಳನ್ನು ತಿರುಗಿಸಿ ಹೇಳಿಕೊಟ್ಟರೆ, ಮುಂದೆ ಲೀಟರು ಕೆಂಪಗೆ ಹೊಳೆಯುತ್ತದೆ. ಮೊದಲ ಸಲ ಅಂಕಿ ಬೆಳಗಿದಾಗ ಹಮಾಲರೆಲ್ಲ ಹೋ ಎಂದರು. ನಾನಂತೂ ಕುಣಿದೇಬಿಟ್ಟೆ!

ಮಿಲ್ಲಿನ ಸಾವ್ಕಾರರು ಕುಣಿಯಲಿಲ್ಲ. "ಚಾಚಾನ ಅಳತಿಗೆ ಕೂಡಬೇಕು ನೋಡು. ಸಂಜಿಮಟ ಕೂಡ್ಲಿಲ್ಲಂದ್ರ ನಿನ್ನ ದೀಪದ ಡಬ್ಬಿ ಕಟಗೊಂಡು ಬಸ್ ಹತ್ತು."

ಚಾಚಾ ಐದು ಲೀಟರಿನ ಮಾಪಿನಿಂದ ಅಳೆದು ಡ್ರಮ್ಮಿಗೆ ನೂರು ಲೀಟರು ಸುರಿದರು. ಅಳೆಯುವವರ ಪದ್ಧತಿಯಂತೆ ಒಂದು ಎನ್ನದೆ "ಲಾಭಾ..." ಎಂದು ರಾಗ ಎಳೆದು, ಆಮೇಲೆ "ಎರಡಾ..." ಆ ಎಣ್ಣೆಯನ್ನು ಮೀಟರಿನಲ್ಲಿ ಹಾಯಿಸಿದರೆ ನೂರಾ ಎರಡು! ಗಾಲಿ ತಿರುಗಿಸಿದೆ. ಮತ್ತೆ ಅಳೆಸಿದರೆ ನೂರಾ ಒಂದು. ಇನ್ನಷ್ಟು ತಿರುಗಿಸಿದರೆ ತೊಂಬತ್ತೊಂಬತ್ತು.

"ತಮ್ಮಾ, ಮಷೀನಿಗೆ ಜ್ವರಾ ಬಂದಾವೇನಲೇ?" ಎಂದರು ಚಾಚಾ.

"ನಿಮ್ಮ ರಾಗ ಕೇಳಿ ತಲಿ ತಿರಗೇತ್ರಿ ಅದಕ್ಕ," ಎಂದೆ ನಾನು. ಒಳಗೆ ನನ್ನದೇ ತಲೆ ತಿರುಗುತ್ತಿತ್ತು.

ಹೆದರಿಕೆ ಮುಚ್ಚಲು ಮಾಪು ಕಸಿದು ಚಾಚಾನ ಅಣಕಕ್ಕೆ ನಿಂತೆ. ಅದೇ ಹುಬ್ಬು, ಅದೇ "ಲಾಭಾ..." ಹಮಾಲರು ಹೊಟ್ಟೆ ಹಿಡಿದು ನಕ್ಕರು. ಮಾಪು ಬರಿದಾಯಿತು. ಆಗ ಚಾಚಾ ಮಾಡುವಂತೆಯೇ ನನ್ನ ಎಡಗೈ ತಾನಾಗಿ ಪಕ್ಕದ ಸೌಟೆತ್ತಿ ಮೇಲಿಷ್ಟು ಎಣ್ಣೆ ಸುರಿಯಿತು. ಎಲ್ಲರೂ ದಿನಾ ನೋಡುತ್ತಿದ್ದದ್ದು. ಅದಕ್ಕೇ ಯಾರ ಕಣ್ಣಿಗೂ ಬೀಳದ್ದು.

"ಚಾಚಾ, ಕೊಸರು!" ಎಂದು ಕಿರುಚಿದೆ.

"ಹೌದಲೇ. ಬರೇ ಮಾಪಿನಷ್ಟ ಹಾಕಿದ್ರ ಗಿರಾಕಿ ಮಾರಿ ಹ್ಯಾಂಗ ನೋಡ್ಲಿ?"

ಅಳತೆಯ ಮೇಲಿನ ಆ ಕೊಸರು ಅವರ ಮನಸ್ಸು ಬಂದಂತೆ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಗಾಲಿಗಳನ್ನು ಮೊದಲಿನಂತೆ ತಿರುಗಿಸಿ, ಸೌಟನ್ನು ನನ್ನ ಬೆನ್ನ ಹಿಂದೆ ಬಚ್ಚಿಟ್ಟೆ. ಚಾಚಾ ಮತ್ತೆ ಅಳೆದರು. ತೊಂಬತ್ತೆಂಟು... ತೊಂಬತ್ತೊಂಬತ್ತು... ನೂರು! ಇನ್ನೊಮ್ಮೆ ಹಾಯಿಸಿದರೂ ನೂರೇ! ಚಾಚಾ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದರು. ಸಾವ್ಕಾರರೂ ನಕ್ಕರು.

ಸಂಜೆ ಮುಂಡರಗಿಯ ಗಿರಾಕಿಯ ಡ್ರಮ್ಮು ತುಂಬಿತು. ಅಂಕಿ ನೂರಕ್ಕೆ ಬಂದಾಗ ನಾನು ವಾಲ್ವು ಮುಚ್ಚಿದೆ. ಚಾಚಾ ಸೌಟು ಹುಡುಕಿ ತಂದು ಮೇಲಿಷ್ಟು ಸುರಿದೇಬಿಟ್ಟರು.

"ಇದನ್ನೂ ಕಲಿಸು ನಿನ್ನ ಮಷೀನಿಗೆ. ಕಲಿಯೋಮಟ ನಾ ಇರ್ತೀನಿ."

ಮಷೀನು ಕಲಿಯಲಿಲ್ಲ... ಚಾಚಾ ಹೋಗಿಬಿಟ್ಟರು.

ಮೊನ್ನೆಯ ಅಂಗಡಿಯಲ್ಲೂ ಕೆಂಪಂಕಿಯ ಮೀಟರೇ ಇತ್ತು. ಅದರಲ್ಲಿ ಒಂದು ಮೂಡಿದಾಗ ನನ್ನ ಬಾಯಿ "ಲಾಭಾ..." ಎಂದಿತು. ಐದಕ್ಕೆ ಸರಿಯಾಗಿ ಧಾರೆ ನಿಂತಿತು.

"ಆತ್ರಿ, ಡಬ್ಬಿ ತಗೀರಿ," ಎಂದ ಅಂಗಡಿಯವ.

ನಾನು ಇನ್ನೂ ಹಿಡಿದೇ ನಿಂತಿದ್ದೆ.