ಅರುಣಾಳ ಅರ್ಧ ಮುಖ

ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಕೋದಂಡರಾಮಯ್ಯನವರ ಮಗಳು ಅರುಣಾ ಹೈಸ್ಕೂಲು ಮುಗಿಸುವ ಹೊತ್ತಿಗೇ ಅಪ್ಪನ ನಾಲ್ಕು ಪವರ್‌ಲೂಮಿಗೂ ಬೇಕಾದ ಅಂಚು, ಸೆರಗುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತಿದ್ದಳು. ಒಂದೊಂದೇ ಚೌಕಕ್ಕೆ ಕೆಂಪು ತುಂಬಬೇಕು. ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆಯುತ್ತಾರೆ, ಆ ತೂತುಗಳ ಪ್ರಕಾರ ಮಗ್ಗ ನವಿಲು ನೇಯುತ್ತದೆ. ಎರಡು ನವಿಲು ಎದುರುಬದುರು ನಿಲ್ಲಬೇಕಾದರೂ ಒಂದನ್ನು ಬರೆದರೆ ಸಾಕು. ಇನ್ನೊಂದನ್ನು ಮಗ್ಗವೇ ತಿರುಗಿಸಿ ನೇಯ್ದುಕೊಳ್ಳುತ್ತದೆ. ಹೂವಾದರೂ ಅರ್ಧ, ಗೋಪುರವಾದರೂ ಅರ್ಧ. ಹಾಳೆಯ ನಡುಗೆರೆ ಬಂದ ಕೂಡಲೇ ಅರುಣಾ ಬ್ರಷ್ಷು ತೊಳೆದಿಟ್ಟು ಏಳುತ್ತಿದ್ದಳು.

ಪಿಯುಸಿ ಮುಗಿದ ಮೇಲೆ, ತೊಂಬತ್ತೊಂದನೇ ಇಸವಿಯಲ್ಲಿ, ಬೆಂಗಳೂರಿನ ಒಂದು ಚಿತ್ರಕಲಾ ಶಾಲೆಗೆ ಸೇರುತ್ತೇನೆಂದು ಹಟ ಹಿಡಿದಳು. ಕೋದಂಡರಾಮಯ್ಯ ಒಂದು ಷರತ್ತು ಹಾಕಿದರು.

"ಒಂದು ವರ್ಷ ನೋಡೋಣ. ಪಾಸಾದ್ರೆ ಮುಂದಕ್ಕೆ ಓದು. ಡುಮ್ಕಿ ಹೊಡೆದ್ರೆ ಮನೇಲಿ ಕೂತ್ಕೊಂಡು ಗ್ರಾಫ್ ಬರಿ. ಅಲ್ಲೂ ಬರೆಯೋದೇ, ಇಲ್ಲೂ ಬರೆಯೋದೇ."

ಶಾಲೆಯಲ್ಲಿ ವಿನ್ಯಾಸ ಕಲಿಸುತ್ತಿದ್ದವರು ಉಮಾಶಂಕರ್ ಎಂಬ ಮೇಷ್ಟ್ರು. ಗಡ್ಡ, ಖಾದಿ ಜುಬ್ಬ, ಹೆಗಲಿಗೊಂದು ಜೋಳಿಗೆ. ಸಮತೋಲನ, ಲಯ, ಪುನರಾವರ್ತನೆ, ವೈರುಧ್ಯ ಎಂದು ಬೋರ್ಡಿನ ಮೇಲೆ ಬರೆದು, ಕಿಟಕಿಯಾಚೆ ನೋಡುತ್ತಾ ಬಹಳ ಹೊತ್ತು ಮೌನವಾಗಿ ನಿಲ್ಲುತ್ತಿದ್ದರು. ಮಕ್ಕಳು ಆ ಮೌನವನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುವಷ್ಟು ಭಕ್ತಿಯಿಂದ ಕೂತಿರುತ್ತಿದ್ದರು. ಅರುಣಾಳಿಗೆ ಮಾತ್ರ ಒಳಗೊಳಗೇ ಸಂಕೋಚ. "ಅಂಚು ಭಾರ ಆಯ್ತು, ಸೀರೆ ಮೈಯೆಲ್ಲಾ ಬೋಳುಬೋಳು ಕಾಣ್ತದೆ" ಎಂದು ಅಜ್ಜಿ ವರಲಕ್ಷ್ಮಮ್ಮ ಅಕ್ಕಿ ಆರಿಸುತ್ತಾ ಹೇಳುತ್ತಿದ್ದುದೂ ಇದೇ ಅಲ್ಲವೇ? ಅಜ್ಜಿ ಕಿಟಕಿ ನೋಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ವರ್ಷದ ಕೊನೆಗೆ ಉಮಾಶಂಕರ್ ಪರೀಕ್ಷೆಯ ಚಿತ್ರದ ವಿಷಯ ಹೇಳಿದರು. ಅವರವರ ಮುಖವನ್ನು ಅವರವರೇ ಬರೆಯಬೇಕು, ವಿನ್ಯಾಸದ ತತ್ವಗಳಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೋವು ಇರಬೇಕು. ಮಕ್ಕಳು ನೋವು ಹುಡುಕಲು ಹೊರಟರು. ಬೇಕರಿ ಮಾಲೀಕರ ಮಗ ತನ್ನ ತುಂಬುಗಲ್ಲವನ್ನು ಕೆತ್ತಿಹಾಕಿ ಮೂಳೆ ಎದ್ದುಕಾಣುವಂತೆ ಬರೆದುಕೊಂಡ. ದಿನವೂ ಕಾರಿನಲ್ಲಿ ಬಂದಿಳಿಯುತ್ತಿದ್ದ ಹುಡುಗಿ ತನ್ನ ಕೊರಳಿಗೆ ಸರಪಳಿ ಬಿಗಿದಳು. ಅರುಣಾಳಿಗೆ ಹೊಸ ಚಪ್ಪಲಿ ಕಚ್ಚುತ್ತಿದ್ದುದು ಬಿಟ್ಟರೆ ಹೇಳಿಕೊಳ್ಳುವಂಥ ನೋವು ಸಿಗಲಿಲ್ಲ. ಮನೆಯ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಮುಂದಿಟ್ಟುಕೊಂಡು ಕೂತಳು.

"ಏನೇ ಅದು, ಬೆಳಗ್ಗಿಂದ ಮುಖ ನೋಡ್ಕೋತಾನೇ ಇದೀಯ?" ಎಂದರು ಅಜ್ಜಿ.

"ಪರೀಕ್ಷೆಗೆ ಅಜ್ಜಿ."

"ಮುಖ ನೋಡ್ಕೊಳೋದಕ್ಕೂ ಪರೀಕ್ಷೆ ಮಡಗವ್ರಾ? ನಮ್ಮ ಕಾಲದಲ್ಲಿ ಗಂಡಿನ ಕಡೆಯೋರು ಬಂದು ಮಾಡೋರು ಈ ಪರೀಕ್ಷೆ."

ಕನ್ನಡಿ ನೋಡಿದ್ದು ಸ್ವಲ್ಪ, ಚೌಕ ಎಣಿಸಿದ್ದೇ ಹೆಚ್ಚು. ಕೈಗೆ ಗೊತ್ತಿದ್ದದ್ದು ಗ್ರಾಫ್ ಹಾಳೆ. ಹಣೆ, ಹುಬ್ಬು, ಕಣ್ಣು, ಅರ್ಧ ಮೂಗು, ಅರ್ಧ ತುಟಿ ಬರೆಯುತ್ತಾ ನಡುಗೆರೆಗೆ ಬಂದಳು. ಬ್ರಷ್ಷು ತೊಳೆದಿಟ್ಟು ಎದ್ದಳು. ಅಪ್ಪ ಬಂದು ನೋಡಿದರು. "ಚೆನ್ನಾಗದೆ ಕಣಮ್ಮ. ಈಗಲೇ ಕಾರ್ಡಿಗೆ ಕೊಡೋಹಂಗದೆ" ಎಂದರು. ಇನ್ನರ್ಧ ಎಲ್ಲಿ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಅವರ ಕಣ್ಣಿಗೆಲ್ಲ ಅದು ಪೂರ್ತಿ ಮುಖವೇ ಆಗಿತ್ತು.

ಶಾಲೆಯಲ್ಲಿ ಉಮಾಶಂಕರ್ ಚಿತ್ರದ ಮುಂದೆ ಐದು ನಿಮಿಷ ನಿಂತರು. ಕನ್ನಡಕ ತೆಗೆದರು. ಹಾಕಿಕೊಂಡರು.

"ಈ ಖಾಲಿ ಜಾಗ ನೋಡಿ! ಹೆಣ್ಣಿನ ಅರ್ಧ ಬದುಕನ್ನ ನಮ್ಮ ಸಮಾಜ ಅಳಿಸಿಹಾಕಿದೆ. ಇದು ಚಿತ್ರ ಅಲ್ಲ, ಚೀತ್ಕಾರ!"

ಅರುಣಾಳಿಗೆ ಆಗಲೇ ಗೊತ್ತಾದದ್ದು, ತಾನು ಅರ್ಧ ಬಿಟ್ಟುಬಂದಿದ್ದೇನೆ ಎಂದು. ಮೇಷ್ಟ್ರು ಐವತ್ತಕ್ಕೆ ನಲವತ್ತಾರು ಅಂಕ ಕೊಟ್ಟು, ಚಿತ್ರವನ್ನು ಹಜಾರದಲ್ಲಿ ತೂಗುಹಾಕಿಸಿದರು. ನಿಜ ಹೇಳಲು ಬಾಯಿ ತೆರೆದವಳನ್ನು ಪಕ್ಕದಲ್ಲಿದ್ದ ಗೆಳತಿ ಅಕ್ಷತ ಚಿವುಟಿದಳು. "ಸುಮ್ನಿರೇ. ನಲವತ್ತಾರು ಬಂದಿದೆ. ಚೀತ್ಕಾರ ಅಂದ್ರೆ ಚೀತ್ಕಾರ."

ಸಂಜೆ ಬಸ್ಸಿನಲ್ಲಿ ಅರುಣಾ ಘಾಟಿ ಸುಬ್ರಹ್ಮಣ್ಯನನ್ನು ನೆನೆದಳು. ಆದರೆ ಏನೆಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಪಾಸು ಮಾಡಿಸಪ್ಪ ಎನ್ನಬಹುದು. ಸುಳ್ಳು ಹೊರಗೆ ಬಾರದ ಹಾಗೆ ಕಾಪಾಡಪ್ಪ ಎಂದು ದೇವರನ್ನು ಕೇಳುವುದು ಹೇಗೆ? ಯಲಹಂಕ ಕಳೆದರೂ ಕೈ ಮುಗಿದೇ ಇತ್ತು, ಬಾಯಿಗೆ ಮಾತು ಬರಲಿಲ್ಲ.

ಉಳಿದ ಐವತ್ತು ಅಂಕ ಹೊರಗಿನಿಂದ ಬರುವ ಪರೀಕ್ಷಕರದು. ಆ ವರ್ಷ ಬಂದವರು ಆದಿನಾರಾಯಣಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಚಿತ್ರದ ಎದುರು ನಿಂತು ಅವಳತ್ತ ತಿರುಗಿದರು.

"ಇನ್ನರ್ಧ ಎಲ್ಲಮ್ಮ?"

"ಆ ಶೂನ್ಯವೇ ಇಲ್ಲಿ..." ಎಂದು ಉಮಾಶಂಕರ್ ಶುರುಮಾಡಿದರು.

"ಹುಡುಗೀನ ಕೇಳ್ದೆ ಸ್ವಾಮಿ."

ಹೇಳಿದರೆ ಫೇಲು, ಮನೆ, ಗ್ರಾಫು. ಅರುಣಾ ನೆಲ ನೋಡುತ್ತಾ ಹೇಳಿದಳು. "ಮಗ್ಗ ನೇಯ್ಕೊಳ್ಳುತ್ತೆ ಅಂತ ಬಿಟ್ಬಿಟ್ಟೆ ಸಾರ್. ಅಭ್ಯಾಸ."

"ಮಗ್ಗ!" ಉಮಾಶಂಕರ್ ಕಣ್ಣು ಮುಚ್ಚಿದರು. "ಕಾಲವೆಂಬ ಮಗ್ಗ!"

"ಅಲ್ಲ ಸಾರ್, ಪವರ್‌ಲೂಮ್. ನಮ್ಮನೇಲಿ ನಾಲ್ಕಿವೆ."

ಆದಿನಾರಾಯಣಪ್ಪ ನಗಲಿಲ್ಲ. "ಇಲ್ಲಿ ಮಗ್ಗ ಇಲ್ವಲ್ಲಮ್ಮ. ಮೂರು ಗಂಟೆ ತನಕ ಟೈಮದೆ. ನೀನೇ ಮುಗಿಸು."

ಅವಳು ಚೌಕ ಎಣಿಸಿ ಈಚೆಯದನ್ನು ಆಚೆಗೆ ತಿರುಗಿಸತೊಡಗಿದಳು. ಅರ್ಧ ಗಂಟೆಯಲ್ಲಿ ಮುಖ ಪೂರ್ತಿಯಾಯಿತು. ಅಂಗಡಿಯ ಕ್ಯಾಲೆಂಡರಿನಲ್ಲಿ ನಗುವ ಗೊಂಬೆಯ ಹಾಗಿತ್ತು. ಆದಿನಾರಾಯಣಪ್ಪ ಜವಾನನ ಕೋಣೆಯಿಂದ ಒಂದು ಕನ್ನಡಿ ತರಿಸಿ ಪಕ್ಕದಲ್ಲಿಟ್ಟರು.

"ಇದು ನೀನು. ಅದು ಯಾರು?"

ದೇವರು ಗ್ರಾಫ್ ಹಾಳೆ ಇಟ್ಟುಕೊಂಡು ಮನುಷ್ಯರ ಮುಖ ಮಾಡುವುದಿಲ್ಲ. ಹತ್ತೊಂಬತ್ತು ವರ್ಷಕ್ಕೆ ಅರುಣಾ ಅದನ್ನು ಮೊದಲ ಸಲ ಕಂಡಳು. ಬರೆಯದೆ ಬಿಟ್ಟಿದ್ದ ಕಡೆಯ ಹುಬ್ಬು ನಡುವೆ ಕಡಿದುಹೋಗಿತ್ತು. ಏಳು ವರ್ಷದವಳಿದ್ದಾಗ ಮಗ್ಗದಿಂದ ಲಾಳಿ ಹಾರಿ ಬಡಿದ ಗಾಯ. ಆ ಕಡೆಯ ಕಣ್ಣು ಒಂದಿಷ್ಟು ಕಿರಿದು. ತುಟಿಯ ಕೊನೆ ಸುಮ್ಮನಿದ್ದಾಗಲೂ ಯಾರನ್ನೋ ಗೇಲಿ ಮಾಡುವಂತೆ ಮೇಲೆದ್ದಿತ್ತು. ಈಗಷ್ಟೇ ತಿರುಗಿಸಿ ಬರೆದ ಅರ್ಧವನ್ನು ಬಿಳಿ ಬಣ್ಣದಿಂದ ಮುಚ್ಚಿ, ಮತ್ತೆ ಕಂಡ ಹಾಗೆ ಬರೆದಳು. ಗಾಯದ ಕಡೆಗೆ ಚಿತ್ರ ವಾಲಿದಂತೆ ಕಂಡಿತು. ಅಂಚು ಭಾರವಾದಾಗ ಸೀರೆಯ ಮೈಗೆ ಬುಟ್ಟಾ ಹೂ ಹಾಕುವ ಹಾಗೆ, ಇನ್ನೊಂದು ಕಡೆಯ ಹೆಗಲ ಮೇಲೆ ಜಡೆಯನ್ನು ಮುಂದಕ್ಕೆ ಇಳಿಬಿಟ್ಟಳು. ಚಿತ್ರ ನೆಟ್ಟಗೆ ನಿಂತಿತು. ಎರಡು ಕಡೆಯೂ ಒಂದೇ ಥರ ಇರದಿದ್ದರೂ ತೂಕ ಸರಿಹೋಗುತ್ತದೆಂದು ಬೋರ್ಡಿನ ಮೇಲಿನ ಸಮತೋಲನ ಎಂಬ ಪದ ಇಷ್ಟು ದಿನ ಅವಳಿಗೆ ಹೇಳಿರಲಿಲ್ಲ.

ಆದಿನಾರಾಯಣಪ್ಪ ಮೂವತ್ತೊಂದು ಕೊಟ್ಟರು. ಉಮಾಶಂಕರ್ ಹಾಳೆಯನ್ನು ನೋಡಿ ಗೋಡೆಗೆ ಒರಗಿದರು. "ಎಂಥಾ ಕೃತೀನ ಹಾಳ್ಮಾಡ್ಬಿಟ್ಟೆ! ಈಗ ಇದು ಬರೀ ನಿನ್ನ ಮುಖ" ಎಂದರು. ನಲವತ್ತಾರನ್ನು ಹೊಡೆದುಹಾಕಿ ಹದಿನೆಂಟು ಬರೆದರು. ಹದಿನೆಂಟಕ್ಕೇ ಪಾಸು.

ಅಂಕಪಟ್ಟಿ ನೋಡಿ ಕೋದಂಡರಾಮಯ್ಯ ವಿಷಯವನ್ನೆಲ್ಲ ಕೇಳಿಕೊಂಡರು.

"ಅರ್ಧ ಮುಖಕ್ಕೆ ನಲವತ್ತಾರು, ಪೂರ್ತಿ ಮುಖಕ್ಕೆ ಹದಿನೆಂಟಾ? ಅವರಿಗೆ ನೆಟ್ಟಗಿದೆಯೇನಮ್ಮ ತಲೆ?"

"ಪಾಸಾದೆ ಅಪ್ಪ."

"ಅದು ಸರಿ." ಅಂಕಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಇನ್ನೆಷ್ಟು ವರ್ಷ ಅದೆ?"

"ನಾಲ್ಕು."

"ನಾಲ್ಕೂ ವರ್ಷ ಅವರೇ ಮೇಷ್ಟ್ರಾ?"

"ಹೂಂ ಅಪ್ಪ."

"ದೇವರು ಕಾಪಾಡಲಿ" ಎಂದು ನಿಟ್ಟುಸಿರುಬಿಟ್ಟು, ಮುಂದಿನ ವರ್ಷದ ಬಸ್ ಪಾಸಿಗೆ ಫೋಟೋ ತೆಗೆಸಿಕೊಳ್ಳಲು ಮಗಳನ್ನು ಪೇಟೆಗೆ ಕಳಿಸಿದರು.